ಡಿಶ್ ಹಾಕಿಸಬೇಕೋ, ಕೇಬಲ್ ತೆಗೆದುಕೊಳ್ಳಬೇಕೋ? ಮನೆ ನೋಡಿ ನಿರ್ಧರಿಸಿ

"ಚಿತ್ರ ಯಾವುದರಲ್ಲಿ ಚೆನ್ನಾಗಿ ಬರುತ್ತೆ, ಡಿಶ್‌ನಲ್ಲೋ ಕೇಬಲ್‌ನಲ್ಲೋ?" ಎಂದೇ ಹೆಚ್ಚಿನವರು ಕೇಳುವುದು. ಎರಡೂ ಡಿಜಿಟಲ್ ಆದ ಮೇಲೆ ಈ ಪ್ರಶ್ನೆಗೆ ಅಷ್ಟು ಬೆಲೆಯಿಲ್ಲ. ಸಿಗ್ನಲ್ ಸಾಕಷ್ಟಿದ್ದರೆ ಚಿತ್ರ ಪೂರ್ತಿ ಸ್ವಚ್ಛವಾಗಿರುತ್ತದೆ. ಸಾಲದಿದ್ದರೆ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಹಳೆಯ ಅನಲಾಗ್ ಟಿವಿಯ ಹಾಗೆ ಚುಕ್ಕೆ ಚುಕ್ಕೆಯಾಗಿಯಾದರೂ ನೋಡೋಣ ಎನ್ನುವ ನಡುವಿನ ಸ್ಥಿತಿ ಇಲ್ಲ. ಒಂದೇ ಚಾನೆಲ್ ಎರಡು ಮನೆಗಳಲ್ಲಿ ಬೇರೆ ಬೇರೆಯಾಗಿ ಕಂಡರೆ, ಸೇವೆ ಕೊಡುವ ಸಂಸ್ಥೆ ಆ ಚಾನೆಲ್‌ಗೆ ಎಷ್ಟು ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಮಾಹಿತಿಯ ಪ್ರಮಾಣ) ಕೊಟ್ಟಿದೆ ಎನ್ನುವುದು ಅದಕ್ಕೆ ಕಾರಣ. ತಂತಿಯಲ್ಲಿ ಬಂತೋ ಗಾಳಿಯಲ್ಲಿ ಬಂತೋ ಎನ್ನುವುದಲ್ಲ. ಅಷ್ಟಕ್ಕೂ ಕೇಬಲ್ ಆಪರೇಟರ್ ಕೂಡ ಬಹಳಷ್ಟು ಚಾನೆಲ್‌ಗಳನ್ನು ದೊಡ್ಡ ಡಿಶ್‌ಗಳ ಮೂಲಕ ಉಪಗ್ರಹದಿಂದಲೇ ಇಳಿಸಿಕೊಂಡು ತನ್ನ ಹೆಡ್‌ಎಂಡ್‌ನಿಂದ, ಅಂದರೆ ಚಾನೆಲ್‌ಗಳನ್ನು ಒಟ್ಟುಗೂಡಿಸಿ ಕಳಿಸುವ ಕೇಂದ್ರದಿಂದ, ಹಂಚುತ್ತಾನೆ.

ಹಾಗಾಗಿ ನಿಜವಾದ ವ್ಯತ್ಯಾಸ ಇರುವುದು ಕೊನೆಯ ಕೆಲವು ಮೀಟರ್‌ಗಳಲ್ಲಿ. ಡಿಶ್ ಇಡುವ ಜಾಗದಿಂದ ಆಕಾಶ ಕಾಣುತ್ತದೆಯೇ, ಬೀದಿಯಿಂದ ಮನೆಯೊಳಕ್ಕೆ ತಂತಿ ಹೇಗೆ ಬರುತ್ತದೆ, ಮನೆಯಲ್ಲಿ ಎಷ್ಟು ಟಿವಿಗಳಿವೆ, ಕೆಟ್ಟಾಗ ಯಾರು ಬರುತ್ತಾರೆ ಎಂಬ ನಾಲ್ಕು ವಿಷಯ ತಿಳಿದರೆ ಆಯ್ಕೆ ಬಹುತೇಕ ತಾನಾಗಿಯೇ ಆಗುತ್ತದೆ. ಪ್ಯಾಕೇಜಿನ ಬೆಲೆ ಹೋಲಿಸುವುದು ಆಮೇಲಿನ ಮಾತು.

ಮೊದಲು ಆಕಾಶ

ಟಿವಿ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿವೆ. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಸುತ್ತುವುದರಿಂದ ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತೆ ಇರುತ್ತವೆ. ಉತ್ತರಾರ್ಧ ಗೋಳದ ಮನೆಗಳಲ್ಲಿ ಡಿಶ್ ಸಾಮಾನ್ಯವಾಗಿ ದಕ್ಷಿಣದ ಕಡೆಗೆ ನೋಡುತ್ತದೆ, ದಕ್ಷಿಣಾರ್ಧ ಗೋಳದಲ್ಲಿ ಉತ್ತರದ ಕಡೆಗೆ. ಉಪಗ್ರಹದ ಸ್ಥಾನಕ್ಕೆ ತಕ್ಕಂತೆ ಪೂರ್ವಕ್ಕೋ ಪಶ್ಚಿಮಕ್ಕೋ ವಾಲಿರುತ್ತದೆ. ಸಮಭಾಜಕಕ್ಕೆ ಹತ್ತಿರವಿದ್ದಷ್ಟೂ ಡಿಶ್ ತಲೆ ಎತ್ತಿ ನೋಡಬೇಕು, ದೂರವಾದಷ್ಟೂ ದಿಗಂತದ ಕಡೆಗೆ ಬಾಗಬೇಕು. ಎದುರಾಗುವ ಅಡ್ಡಿಯೂ ಇದರಿಂದಲೇ ನಿರ್ಧಾರವಾಗುತ್ತದೆ. ಕೋನ ಹೆಚ್ಚಿರುವಲ್ಲಿ ಬಾಲ್ಕನಿಯ ಮೇಲಿನ ಸ್ಲ್ಯಾಬ್ ಅಡ್ಡ ಬರುತ್ತದೆ. ಕೋನ ಕಡಿಮೆ ಇರುವಲ್ಲಿ ಎದುರಿನ ಕಟ್ಟಡ ಮತ್ತು ಮರಗಳು ಅಡ್ಡ ಬರುತ್ತವೆ.

ಸೇವೆ ಕೊಡುವ ಸಂಸ್ಥೆಯ ಉಪಗ್ರಹ ಎಷ್ಟು ಡಿಗ್ರಿ ರೇಖಾಂಶದಲ್ಲಿದೆ ಎಂದು ಕೇಳಿಕೊಳ್ಳಿ. ಡಿಶ್ ದಿಕ್ಕು ತೋರಿಸುವ ಯಾವುದಾದರೂ ಮೊಬೈಲ್ ಆ್ಯಪ್‌ಗೆ ಅದನ್ನು ಕೊಟ್ಟರೆ ನಿಮ್ಮ ಜಾಗಕ್ಕೆ ಬೇಕಾದ ದಿಕ್ಕು ಮತ್ತು ಏರುಕೋನ ಸಿಗುತ್ತದೆ. ಡಿಶ್ ಇಡುವ ಜಾಗದಲ್ಲೇ, ಅದೇ ಎತ್ತರದಲ್ಲಿ ನಿಂತು ಆ ಗೆರೆಯ ಉದ್ದಕ್ಕೂ ನೋಡಿ. ಕಬ್ಬಿಣದ ಕಂಬಿ, ನೀರಿನ ಟ್ಯಾಂಕಿನ ಸ್ಟ್ಯಾಂಡ್ ಪಕ್ಕದಲ್ಲಿದ್ದರೆ ಮೊಬೈಲಿನ ದಿಕ್ಸೂಚಿ ತಪ್ಪು ತೋರಿಸುತ್ತದೆ, ಒಂದೆರಡು ಮೀಟರ್ ದೂರ ಸರಿದು ಅಳೆಯಿರಿ.

ಎದುರಿನ ಮರ ಡಿಶ್‌ಗಿಂತ 10 ಮೀಟರ್ ಎತ್ತರವಿದೆ ಎಂದುಕೊಳ್ಳಿ. ಏರುಕೋನ 60 ಡಿಗ್ರಿಯಾದರೆ ಮರ 6 ಮೀಟರ್ ದೂರವಿದ್ದರೂ ಸಿಗ್ನಲ್ ಮೇಲಿಂದ ದಾಟಿ ಬರುತ್ತದೆ. 45 ಡಿಗ್ರಿಯಾದರೆ 10 ಮೀಟರ್ ದೂರ ಬೇಕು. 30 ಡಿಗ್ರಿಗೆ 17 ಮೀಟರ್‌ಗೂ ಸ್ವಲ್ಪ ಹೆಚ್ಚು. ಇದು ಗಣಿತದ ಗಡಿ. ಇದರ ಮೇಲೆ ಒಂದೆರಡು ಮೀಟರ್ ಬಿಡುವು ಇಟ್ಟುಕೊಳ್ಳಿ, ಏಕೆಂದರೆ ಮರ ಬೆಳೆಯುತ್ತದೆ. ಎಲೆ ಉದುರಿದ ಕಾಲದಲ್ಲಿ ಹಾಕಿಸಿದ ಡಿಶ್ ಚಿಗುರು ಬಂದ ಮೇಲೆ ಕೈಕೊಡುವುದು ತೀರಾ ಸಾಮಾನ್ಯ, ಅದರಲ್ಲೂ ಎಲೆ ಒದ್ದೆಯಾದಾಗ. ಕಿಟಕಿಯ ಗಾಜಿನ ಹಿಂದೆ ಡಿಶ್ ಇಡುವ ಯೋಚನೆ ಬೇಡ. ಲೋಹದ ಲೇಪವಿರುವ ಗಾಜಾದರೆ ಸಿಗ್ನಲ್ ಒಳಗೆ ಬರುವುದೇ ಇಲ್ಲ.

ಆಕಾಶ ಕಾಣದಿದ್ದರೆ ಮುಂದಿನದೇನೂ ಲೆಕ್ಕಕ್ಕೆ ಬರುವುದಿಲ್ಲ, ಕೇಬಲ್ಲೇ ಗತಿ. ಕಟ್ಟಡದ ತಾರಸಿಯಲ್ಲಿ ಎಲ್ಲರಿಗೂ ಸೇರಿ ಒಂದು ಡಿಶ್ ಇದ್ದರೆ ಮಾತ್ರ ಮಾತು ಬೇರೆ. ಬಾಡಿಗೆ ಮನೆಯಾದರೆ ಗೋಡೆ ಕೊರೆಯಲು, ತಾರಸಿಯಲ್ಲಿ ಕಂಬ ನಿಲ್ಲಿಸಲು ಮಾಲೀಕರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.

ಆಮೇಲೆ ಬೀದಿ

ಕೇಬಲ್ ಸಿಗ್ನಲ್ ಹೆಡ್‌ಎಂಡ್‌ನಿಂದ ನಿಮ್ಮ ಬಡಾವಣೆಯ ನೋಡ್‌ (ಫೈಬರ್ ಮುಗಿದು ತಂತಿ ಶುರುವಾಗುವ ಪೆಟ್ಟಿಗೆ) ವರೆಗೆ ಸಾಮಾನ್ಯವಾಗಿ ಫೈಬರ್‌ನಲ್ಲಿ ಬರುತ್ತದೆ, ಅಲ್ಲಿಂದ ಕೋಆಕ್ಸಿಯಲ್ ತಂತಿಯಲ್ಲಿ. ದಾರಿಯಲ್ಲಿ ಸಿಗುವ ಒಂದೊಂದು ಆಂಪ್ಲಿಫೈಯರ್ ಸಿಗ್ನಲ್ ಎತ್ತುವುದರ ಜೊತೆಗೆ ಒಂದಿಷ್ಟು ಗದ್ದಲವನ್ನೂ (ಸಿಗ್ನಲ್‌ಗೆ ಬೆರೆಯುವ ಬೇಡದ ಅಲೆಗಳನ್ನೂ) ಸೇರಿಸುತ್ತದೆ, ಮತ್ತು ಅದಕ್ಕೆ ವಿದ್ಯುತ್ ಬೇಕು. ಬಡಾವಣೆಯಲ್ಲಿ ಕರೆಂಟ್ ಹೋದಾಗ ಮನೆಯಲ್ಲಿ ಬ್ಯಾಟರಿ ಇದ್ದರೂ ಕೇಬಲ್ ನಿಲ್ಲುವುದು ಈ ಕಾರಣಕ್ಕೆ: ಆಂಪ್ಲಿಫೈಯರ್‌ಗೆ ಆಪರೇಟರ್ ಬ್ಯಾಕಪ್ ಕೊಟ್ಟಿರುವುದಿಲ್ಲ. ಡಿಶ್‌ಗೆ ನಿಮ್ಮ ಮನೆಯ ಕರೆಂಟ್ ಇದ್ದರೆ ಸಾಕು. ಆಗಾಗ ಕರೆಂಟ್ ಹೋಗುವ ಜಾಗದಲ್ಲಿ ಈ ಒಂದೇ ಅಂಶ ಮಳೆಯ ತೊಂದರೆಯನ್ನೂ ಮೀರಿಸಬಹುದು.

ಆಪರೇಟರ್‌ನನ್ನು ಕೇಳಬೇಕಾದದ್ದು: ಫೈಬರ್ ಎಲ್ಲಿಯವರೆಗೆ ಬಂದಿದೆ, ಆಮೇಲೆ ಎಷ್ಟು ಆಂಪ್ಲಿಫೈಯರ್, ಅವಕ್ಕೆ ಬ್ಯಾಕಪ್ ಇದೆಯೇ, ಹತ್ತಿರದ ಟ್ಯಾಪ್‌ನಿಂದ (ಬೀದಿಯ ಲೈನಿನಿಂದ ಮನೆಗಳಿಗೆ ತಂತಿ ಕವಲೊಡೆಯುವ ಜಾಗ) ಮನೆಗೆ ಎಷ್ಟು ಮೀಟರ್ ತಂತಿ. ಆತ ಹೇಳುವುದಕ್ಕಿಂತ ಅಕ್ಕಪಕ್ಕದವರು ಹೇಳುವುದು ಹೆಚ್ಚು ನಂಬಿಕೆಗೆ ಅರ್ಹ. ಕೇಳುವಾಗ ಲೈನಿನ ಕೊನೆಯಲ್ಲಿರುವ ಮನೆಯವರನ್ನು ಕೇಳಿ. ನೋಡ್ ಪಕ್ಕದ ಮನೆಯವರಿಗೆ ತೊಂದರೆ ಗೊತ್ತೇ ಇರುವುದಿಲ್ಲ.

ಮಳೆ, ಬಿಸಿಲು

ಮನೆಗಳ ಸಣ್ಣ ಡಿಶ್‌ಗಳು ಹಿಡಿಯುವುದು ಸುಮಾರು 11–12 ಗಿಗಾಹರ್ಟ್ಸ್‌ನ ಕೆಯು ಬ್ಯಾಂಡ್ ಅಲೆಗಳನ್ನು. ಜೋರು ಮಳೆಯ ಹನಿಗಳು ಇವನ್ನು ಹೀರಿ ಚದುರಿಸುತ್ತವೆ. ದಟ್ಟ ಮೋಡ ದಾಟುವವರೆಗೆ ಕೆಲವು ನಿಮಿಷ ಚಿತ್ರ ಹೋಗುವುದು ಸಹಜ. ಆದರೆ ತುಂತುರು ಮಳೆಗೇ ಚಿತ್ರ ಒಡೆಯುತ್ತಿದ್ದರೆ ತಪ್ಪು ಮಳೆಯದ್ದಲ್ಲ: ಡಿಶ್ ಸ್ವಲ್ಪ ಸರಿದಿದೆ, ಇಲ್ಲವೇ ಕನೆಕ್ಟರ್ ಒಳಗೆ ನೀರು ಹೋಗಿದೆ. ಬಿಸಿಲಿನಲ್ಲಿ ಎಲ್ಲ ಸರಿಯಾಗಿಯೇ ಕಾಣುವುದರಿಂದ ಈ ದೋಷ ವರ್ಷಗಟ್ಟಲೆ ಹಾಗೆಯೇ ಉಳಿದು, ಬೈಗುಳವೆಲ್ಲ ಮಳೆಗೆ ಹೋಗುತ್ತದೆ.

ಮಳೆ ಹೆಚ್ಚು ಬೀಳುವ ಊರಾದರೆ ದೊಡ್ಡ ಡಿಶ್ ಕೇಳಿ. 60 ಸೆಂಟಿಮೀಟರ್ ಬದಲು 90 ಸೆಂಟಿಮೀಟರ್ ಹಾಕಿದರೆ ಸುಮಾರು 3.5 ಡೆಸಿಬಲ್ ಹೆಚ್ಚು ಸಿಗ್ನಲ್, ಅಂದರೆ ಎರಡು ಪಟ್ಟಿಗೂ ಸ್ವಲ್ಪ ಮೇಲೆ. ಕುಂಭದ್ರೋಣ ಮಳೆಗೆ ಇದೂ ಸಾಲದು, ಆದರೆ ಚಿತ್ರ ಹೋಗುವ ಹೊತ್ತು ಕಡಿಮೆಯಾಗುತ್ತದೆ. ದೊಡ್ಡ ಡಿಶ್‌ನ ನೋಟ ಕಿರಿದು, ಹಾಗಾಗಿ ಅದನ್ನು ಇನ್ನೂ ನಿಖರವಾಗಿ ತಿರುಗಿಸಬೇಕು, ಗಾಳಿಗೂ ಅದು ಹೆಚ್ಚು ಒಡ್ಡಿಕೊಳ್ಳುತ್ತದೆ.

ಮಾರ್ಚ್ ಮತ್ತು ಸೆಪ್ಟೆಂಬರ್ ವಿಷುವದ ಆಸುಪಾಸಿನ ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. ದಿನಕ್ಕೆ ಕೆಲವು ನಿಮಿಷ ಸಿಗ್ನಲ್ ಸೂರ್ಯನ ಗದ್ದಲದಲ್ಲಿ ಮುಳುಗುತ್ತದೆ. ಇದು ಕೇಬಲ್‌ನವರನ್ನೂ ಬಿಡುವುದಿಲ್ಲ, ಅವರ ಹೆಡ್‌ಎಂಡ್ ಡಿಶ್‌ಗಳೂ ಅದೇ ಆಕಾಶವನ್ನು ನೋಡುತ್ತಿರುತ್ತವಲ್ಲ. ಇದರಲ್ಲಿ ಒಂದು ಉಪಯೋಗವೂ ಉಂಟು: ಆ ನಿಮಿಷಗಳಲ್ಲಿ ಡಿಶ್ ಇಡುವ ಜಾಗದ ಮೇಲೆ ನೆರಳಿಲ್ಲದೆ ಬಿಸಿಲು ಬಿದ್ದರೆ ದಾರಿ ತೆರವಾಗಿದೆ ಎಂದೇ ಅರ್ಥ.

ಎರಡನೇ ಟಿವಿ ಬಂದಾಗ

ಅತಿ ಹೆಚ್ಚು ಎಡವಟ್ಟು ನಡೆಯುವ ಜಾಗ ಇದು. ಕೇಬಲ್‌ನಲ್ಲಿ ಎರಡನೇ ಟಿವಿ ಎಂದರೆ ಒಂದು ಸ್ಪ್ಲಿಟರ್ (ಒಂದು ತಂತಿಯ ಸಿಗ್ನಲ್ ಅನ್ನು ಕವಲಾಗಿ ಹಂಚುವ ತುಣುಕು) ಮತ್ತು ಇನ್ನೊಂದು ಬಾಕ್ಸ್. ಎಲ್ಲ ಚಾನೆಲ್‌ಗಳೂ ಒಟ್ಟಿಗೆ ತಂತಿಯಲ್ಲಿ ಇರುತ್ತವೆ, ಬಾಕ್ಸ್ ತನಗೆ ಬೇಕಾದದ್ದನ್ನು ಆರಿಸಿಕೊಳ್ಳುತ್ತದೆ. ಡಿಶ್ ಹಾಗಲ್ಲ. ಡಿಶ್‌ನ ತುದಿಯಲ್ಲಿದ್ದು ಉಪಗ್ರಹದ ಅಲೆಗಳನ್ನು ಹಿಡಿದು ತಂತಿಗೆ ಇಳಿಸುವ ಎಲ್‌ಎನ್‌ಬಿಗೆ ಬಾಕ್ಸ್ ತಂತಿಯ ಮೂಲಕವೇ ಆಜ್ಞೆ ಕಳಿಸುತ್ತದೆ: 13 ವೋಲ್ಟ್ ಕೊಟ್ಟರೆ ಲಂಬ ಧ್ರುವೀಕರಣದ (ಅಲೆ ಮೇಲೆ ಕೆಳಗೆ ಕಂಪಿಸುವ) ಚಾನೆಲ್‌ಗಳು, 18 ವೋಲ್ಟ್ ಕೊಟ್ಟರೆ ಅಡ್ಡ ಧ್ರುವೀಕರಣದವು (ಎಡಬಲಕ್ಕೆ ಕಂಪಿಸುವವು). ಯುನಿವರ್ಸಲ್ ಎಲ್‌ಎನ್‌ಬಿಯಾದರೆ 22 ಕಿಲೋಹರ್ಟ್ಸ್‌ನ ಒಂದು ಸ್ವರ ಸೇರಿಸಿದಾಗ ಮೇಲಿನ ಬ್ಯಾಂಡ್, ಇಲ್ಲದಿದ್ದರೆ ಕೆಳಗಿನ ಬ್ಯಾಂಡ್. ಒಂದು ಹೊತ್ತಿಗೆ ತಂತಿಯಲ್ಲಿ ಇಳಿದು ಬರುವುದು ಇವುಗಳಲ್ಲಿ ಒಂದು ಗುಂಪು ಮಾತ್ರ.

ಈಗ ಡಿಶ್ ತಂತಿಗೆ ಸಾಮಾನ್ಯ ಸ್ಪ್ಲಿಟರ್ ಹಾಕಿ ಎರಡು ಬಾಕ್ಸ್ ಜೋಡಿಸಿದರೆ ಏನಾಗುತ್ತದೆ ನೋಡಿ. ಹಾಲ್‌ನಲ್ಲಿ ಕೂತವರು 13 ವೋಲ್ಟ್‌ನ ಚಾನೆಲ್ ನೋಡುತ್ತಿದ್ದಾರೆ. ರೂಮಿನಲ್ಲಿ ಯಾರೋ 18 ವೋಲ್ಟ್‌ನ ಚಾನೆಲ್‌ಗೆ ಬದಲಿಸಿದರು. ತಂತಿಯ ಮೇಲೆ ಹೆಚ್ಚಿನ ವೋಲ್ಟೇಜ್ ಗೆಲ್ಲುತ್ತದೆ, ಎಲ್‌ಎನ್‌ಬಿ 18ಕ್ಕೆ ಹೊರಳುತ್ತದೆ, ಹಾಲ್‌ನ ಚಿತ್ರ ತಕ್ಷಣ ಮಾಯ. ರೂಮಿನ ಬಾಕ್ಸ್ ಆಫ್ ಮಾಡಿದರೆ ಮರಳಿ ಬರುತ್ತದೆ. ಬಾಕ್ಸ್ ಕೆಟ್ಟಿದೆ ಎಂದು ಬದಲಿಸುತ್ತಾ ಹೋದರೆ ಪ್ರಯೋಜನವಿಲ್ಲ.

ಸರಿಯಾದ ದಾರಿ: ಎರಡು ಬಾಕ್ಸ್‌ಗೆ ಟ್ವಿನ್ ಎಲ್‌ಎನ್‌ಬಿ, ನಾಲ್ಕಕ್ಕೆ ಕ್ವಾಡ್ ಎಲ್‌ಎನ್‌ಬಿ, ಮತ್ತು ಪ್ರತಿ ಬಾಕ್ಸ್‌ಗೂ ಡಿಶ್‌ನಿಂದಲೇ ಬೇರೆ ತಂತಿ. ನೋಡುತ್ತಲೇ ಬೇರೆ ಚಾನೆಲ್ ರೆಕಾರ್ಡ್ ಮಾಡುವ, ಎರಡು ಟ್ಯೂನರ್ ಇರುವ ಬಾಕ್ಸ್‌ಗೆ ಒಂದಕ್ಕೇ ಎರಡು ತಂತಿ ಬೇಕಾಗಬಹುದು. ಕ್ವಾಡ್ ಕೇಳಿದಾಗ ಕ್ವಾಟ್ರೊ ಕೊಟ್ಟಾರು, ಎಚ್ಚರ. ಹೆಸರು ಹತ್ತಿರ, ಕೆಲಸ ಬೇರೆ: ಕ್ವಾಟ್ರೊದ ನಾಲ್ಕು ತುದಿಗಳಲ್ಲಿ ನಾಲ್ಕು ಗುಂಪುಗಳು ಖಾಯಂ ಆಗಿ ಬರುತ್ತವೆ, ಅದನ್ನು ಮಲ್ಟಿಸ್ವಿಚ್‌ಗೆ ಜೋಡಿಸಿ ಇಡೀ ಕಟ್ಟಡಕ್ಕೆ ಹಂಚಬೇಕು. ನೇರವಾಗಿ ಬಾಕ್ಸ್‌ಗೆ ಕೊಟ್ಟರೆ ಕಾಲು ಭಾಗದ ಚಾನೆಲ್‌ಗಳು ಮಾತ್ರ ಬರುತ್ತವೆ. ಒಂದೇ ತಂತಿಯಲ್ಲಿ ಹಲವು ಬಾಕ್ಸ್ ನಡೆಸುವ ಯುನಿಕೇಬಲ್ ಎಲ್‌ಎನ್‌ಬಿಗಳೂ ಇವೆ, ಆದರೆ ಬಾಕ್ಸ್ ಅದನ್ನು ಒಪ್ಪುವಂತಿರಬೇಕು.

ಗೋಡೆಯೊಳಗೆ ಈಗಾಗಲೇ ಒಂದೇ ತಂತಿ ಹಾಕಿ ಮುಚ್ಚಿರುವ, ಮೂರು ನಾಲ್ಕು ಟಿವಿ ಇರುವ ಮನೆಗೆ ಕೇಬಲ್ಲೇ ಸುಲಭ ಎನ್ನುವುದು ನಮ್ಮ ಅಭಿಪ್ರಾಯ. ಆದರೆ ಅಲ್ಲೂ ಲೆಕ್ಕ ತಪ್ಪಬಾರದು. ಎರಡು ದಾರಿಯ ಸ್ಪ್ಲಿಟರ್ ಪ್ರತಿ ತುದಿಯಲ್ಲಿ ಸುಮಾರು 3.5 ಡೆಸಿಬಲ್ ತಿನ್ನುತ್ತದೆ, ನಾಲ್ಕು ದಾರಿಯದು 7ಕ್ಕೂ ಸ್ವಲ್ಪ ಹೆಚ್ಚು. ಆರ್‌ಜಿ-6 ಎಂಬ ಬಗೆಯ ಕೋಆಕ್ಸಿಯಲ್ ತಂತಿ ಕೇಬಲ್‌ನ ಮೇಲಿನ ಆವರ್ತನಗಳಲ್ಲಿ 100 ಮೀಟರ್‌ಗೆ ಸುಮಾರು 20 ಡೆಸಿಬಲ್ ಕಳೆಯುತ್ತದೆ. ಮನೆ ಬಾಗಿಲಿಗೆ 64 ಡೆಸಿಬಲ್ ಮೈಕ್ರೋವೋಲ್ಟ್ (ಸಿಗ್ನಲ್ ಬಲದ ಅಳತೆ) ಬಂದರೆ, ನಾಲ್ಕು ದಾರಿಯ ಸ್ಪ್ಲಿಟರ್ ಮತ್ತು 20 ಮೀಟರ್ ತಂತಿ ದಾಟುವ ಹೊತ್ತಿಗೆ ಉಳಿಯುವುದು 52–53. 256 ಕ್ಯೂಎಎಂ (ಒಂದೇ ಆವರ್ತನದಲ್ಲಿ ಹೆಚ್ಚು ಮಾಹಿತಿ ತುಂಬುವ ವಿಧಾನ) ಬಳಸುವ ಎಚ್‌ಡಿ ಚಾನೆಲ್‌ಗಳಿಗೆ ಸುಮಾರು 54 ಬೇಕು. ಅಂದರೆ ಹಾಲ್‌ನಲ್ಲಿ ಬರುವ ಎಚ್‌ಡಿ ಮಲಗುವ ಕೋಣೆಯಲ್ಲಿ ತಡವರಿಸುತ್ತದೆ. ಆಂಪ್ಲಿಫೈಯರ್ ಹಾಕುವುದಾದರೆ ಸ್ಪ್ಲಿಟರ್‌ಗಿಂತ ಮೊದಲು, ಮನೆ ಬಾಗಿಲಲ್ಲೇ ಹಾಕಿ. ಸೊರಗಿದ ಮೇಲೆ ಎತ್ತಿದರೆ ಸಿಗ್ನಲ್ ಜೊತೆ ಗದ್ದಲವೂ ಎದ್ದು ಬರುತ್ತದೆ. ಸ್ಪ್ಲಿಟರ್‌ನಲ್ಲಿ ಬಳಸದೆ ಉಳಿದ ತುದಿಗೆ 75 ಓಮ್ ಟರ್ಮಿನೇಟರ್ ಹಾಕಿ ಮುಚ್ಚಿ.

ಖರ್ಚಿನ ಲೆಕ್ಕ

ತಿಂಗಳ ದರ ಮಾತ್ರ ನೋಡಿ ಹೋಲಿಸಿದರೆ ಮೋಸ ಹೋಗುತ್ತೀರಿ. ಮೂರು ವರ್ಷದ ಲೆಕ್ಕ ಹಾಕಿ: ಬಾಕ್ಸ್, ಡಿಶ್, ಜೋಡಣೆಗೆ ಮೊದಲೇ ಕೊಡುವ ಹಣ, ಅದರಿಂದ ಮರಳಿ ಬರುವ ಠೇವಣಿ ಕಳೆಯಿರಿ, ಮುಖ್ಯ ಟಿವಿಯ ತಿಂಗಳ ದರ ಮತ್ತು ಹೆಚ್ಚುವರಿ ಪ್ರತಿ ಟಿವಿಯ ದರ ಕೂಡಿಸಿ 36ರಿಂದ ಗುಣಿಸಿ, ವರ್ಷಕ್ಕೊಂದು ರಿಪೇರಿ ಭೇಟಿಯ ಶುಲ್ಕ ಸೇರಿಸಿ. ಮೊದಲ ಕೆಲವು ತಿಂಗಳ ರಿಯಾಯಿತಿ ಮುಗಿದ ಮೇಲಿನ ದರವೇ ನಿಜವಾದ ದರ. ಅವಧಿಗೆ ಮುಂಚೆ ಬಿಟ್ಟರೆ ದಂಡವಿದೆಯೇ, ಬಾಕ್ಸ್ ಕೊನೆಗೆ ಯಾರದ್ದು, ಎಚ್‌ಡಿಗೆ ಬೇರೆ ದುಡ್ಡೇ ಎಂದು ಬರಹದಲ್ಲಿ ಕೇಳಿ. ಒಂದು ಸಂಸ್ಥೆಯ ಬಾಕ್ಸ್ ಸಾಮಾನ್ಯವಾಗಿ ಇನ್ನೊಂದಕ್ಕೆ ನಡೆಯುವುದಿಲ್ಲ, ಡಿಶ್ ಮತ್ತು ತಂತಿ ಮಾತ್ರ ಮರುಬಳಕೆಗೆ ಬರಬಹುದು.

ಚಾನೆಲ್ ಪಟ್ಟಿಯನ್ನು ಪ್ಯಾಕೇಜಿನ ಕಡೆಯಿಂದ ನೋಡಬೇಡಿ, ಮನೆಯ ಕಡೆಯಿಂದ ನೋಡಿ. ಒಂದು ವಾರ ಮನೆಯವರು ನಿಜವಾಗಿ ನೋಡಿದ ಚಾನೆಲ್‌ಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮುನ್ನೂರು ಚಾನೆಲ್‌ನ ಪ್ಯಾಕ್‌ಗೆ ಹಣ ಕಟ್ಟುವ ಮನೆಯಲ್ಲೂ ಚೀಟಿ ಚಿಕ್ಕದಾಗಿಯೇ ಇರುತ್ತದೆ.

ಇಂಟರ್‌ನೆಟ್ ಕೂಡ ಬೇಕಿದ್ದರೆ ಕೇಬಲ್‌ಗೆ ಒಂದು ಅನುಕೂಲವಿದೆ: ಆಪರೇಟರ್ ಎರಡು ದಿಕ್ಕಿನ ಜಾಲ ಹಾಕಿದ್ದರೆ ಅದೇ ತಂತಿಯಲ್ಲಿ ಎರಡೂ ಬರುತ್ತವೆ. ಡಿಶ್ ಟಿವಿ ಏಕಮುಖ, ಬೇಡಿಕೆಯ ಮೇಲೆ ಸಿನಿಮಾ ನೋಡಲು ಬಾಕ್ಸ್‌ಗೆ ಬೇರೆ ಬ್ರಾಡ್‌ಬ್ಯಾಂಡ್ ಬೇಕು. ಎರಡನ್ನೂ ಒಂದೇ ತಂತಿಗೆ ಕಟ್ಟಿದರೆ ಆ ತಂತಿ ತುಂಡಾದ ದಿನ ಎರಡೂ ಹೋಗುತ್ತವೆ. ಮನೆಯಿಂದಲೇ ಕೆಲಸ ಮಾಡುವವರು ಬೇರೆ ಬೇರೆ ಇಟ್ಟುಕೊಳ್ಳುವುದು ಲೇಸು.

ಜೋಡಿಸುವಾಗ

ಯಾವುದನ್ನೇ ಆರಿಸಿಕೊಂಡರೂ ಕೆಡುವುದು ಹೆಚ್ಚಾಗಿ ತಂತಿಯ ತುದಿಗೆ ಹಾಕುವ ಎಫ್ ಕನೆಕ್ಟರ್‌ನಲ್ಲಿ. ಆರ್‌ಜಿ-6 ತಂತಿಯ ತುದಿಯಿಂದ 12–13 ಮಿಲಿಮೀಟರ್ ಹೊರಗಿನ ಕವಚ ತೆಗೆಯಿರಿ. ಹೆಣಿಗೆ ತಂತಿಯನ್ನು ಹಿಂದಕ್ಕೆ ಮಡಚಿ. ತುದಿಯ 6 ಮಿಲಿಮೀಟರ್‌ನಷ್ಟು ಬಿಳಿ ಫೋಮ್ ತೆಗೆದು ನಡುವಿನ ತಾಮ್ರದ ತಂತಿಯನ್ನು ಬಿಚ್ಚಿ. ಚಾಕು ತಾಮ್ರಕ್ಕೆ ಗೀರಬಾರದು. ಬಿಳಿ ಫೋಮ್ ಕನೆಕ್ಟರ್‌ನ ಒಳಗಿನ ತಳಕ್ಕೆ ಸಮವಾಗುವವರೆಗೆ ಒತ್ತಿ, ಕಂಪ್ರೆಷನ್ ಟೂಲ್‌ನಿಂದ ಬಿಗಿಯಿರಿ. ನಡುವಿನ ತಂತಿ ಅಂಚಿನಿಂದ ಸುಮಾರು 3 ಮಿಲಿಮೀಟರ್ ಹೊರಗಿರಬೇಕು. ಹೆಣಿಗೆಯ ಒಂದೇ ಒಂದು ಎಳೆ ಅದಕ್ಕೆ ತಗುಲಿದರೂ ಶಾರ್ಟ್. ಡಿಶ್ ಬಾಕ್ಸ್‌ಗಳು ಇದನ್ನು ತೆರೆಯ ಮೇಲೆ ಹೇಳುತ್ತವೆ. ತಿರುಗಿಸಿ ಕೂರಿಸುವ ಅಗ್ಗದ ಕನೆಕ್ಟರ್‌ಗಳನ್ನು ಹೊರಗಡೆ ಬಳಸಲೇಬೇಡಿ.

ತಂತಿ ಗೋಡೆಯೊಳಗೆ ಹೋಗುವ ಮುನ್ನ ಕೆಳಕ್ಕೆ ಒಂದು ಬಳುಕು ಬಿಡಿ, ನೀರು ಅಲ್ಲಿಯೇ ತೊಟ್ಟಿಕ್ಕಿ ಬೀಳುತ್ತದೆ. ಬಾಗಿಸುವಾಗ 7 ಸೆಂಟಿಮೀಟರ್‌ಗಿಂತ ಕಡಿಮೆ ತ್ರಿಜ್ಯದ ತಿರುವು ಕೊಡಬೇಡಿ. ಡಿಶ್ ತಂತಿಯಲ್ಲಿ 950ರಿಂದ 2150 ಮೆಗಾಹರ್ಟ್ಸ್ ಹರಿಯುವುದರಿಂದ ನಷ್ಟ ಕೇಬಲ್‌ಗಿಂತ ಹೆಚ್ಚು. 30 ಮೀಟರ್‌ವರೆಗೆ ಚಿಂತೆಯಿಲ್ಲ, 50 ದಾಟಿದರೆ ಲೈನ್ ಆಂಪ್ಲಿಫೈಯರ್ ಬೇಕಾಗಬಹುದು.

ಡಿಶ್‌ನ ಕಂಬ ಮಟ್ಟಗೋಲಿನಲ್ಲಿ ನೋಡಿದರೆ ಎರಡೂ ಬದಿಯಿಂದ ನೆಟ್ಟಗಿರಬೇಕು, ಇಲ್ಲದಿದ್ದರೆ ಏರುಕೋನದ ಗುರುತುಗಳು ಸುಳ್ಳು ಹೇಳುತ್ತವೆ. ಗಂಟೆಗೆ 100 ಕಿಲೋಮೀಟರ್ ಗಾಳಿ 60 ಸೆಂಟಿಮೀಟರ್ ಡಿಶ್‌ನ ಮೇಲೆ 15–20 ಕೆ.ಜಿ.ಯಷ್ಟು ಒತ್ತಡ ಹಾಕುತ್ತದೆ, ಹಾಗಾಗಿ ಬೋಲ್ಟ್ ಕಾಂಕ್ರೀಟ್‌ಗೆ ಇಳಿಯಬೇಕು, ಗಾರೆಗಲ್ಲ. ಕಂಬಕ್ಕೆ ಅರ್ಥಿಂಗ್ ಮಾಡಿಸಿ. ಏರುಕೋನ ಮೊದಲು ಕೂರಿಸಿ, ಎಲ್‌ಎನ್‌ಬಿಯನ್ನು ಸಂಸ್ಥೆ ಅಥವಾ ಆ್ಯಪ್ ಹೇಳಿದಷ್ಟು ಡಿಗ್ರಿ ತಿರುಗಿಸಿ, ಆಮೇಲೆ ಡಿಶ್ಶನ್ನು ಎಡಬಲಕ್ಕೆ ಒಂದೊಂದೇ ಡಿಗ್ರಿ ಸರಿಸುತ್ತಾ ಪ್ರತಿ ಸಲ ಐದು ಸೆಕೆಂಡ್ ಕಾಯಿರಿ. ಬಾಕ್ಸ್‌ಗೆ ಸಿಗ್ನಲ್ ಹಿಡಿಯಲು ಅಷ್ಟು ಹೊತ್ತು ಬೇಕು. ತೆರೆಯಲ್ಲಿ ನೋಡಬೇಕಾದದ್ದು ಕ್ವಾಲಿಟಿ, ಸ್ಟ್ರೆಂತ್ ಅಲ್ಲ. ಎಲ್‌ಎನ್‌ಬಿ ಜೋಡಿಸಿದರೆ ಸಾಕು, ಖಾಲಿ ಆಕಾಶಕ್ಕೂ ಸ್ಟ್ರೆಂತ್ ಏರುತ್ತದೆ. ಕ್ವಾಲಿಟಿ ಎಡಕ್ಕೆ ಎಲ್ಲಿ ಇಳಿಯಿತು, ಬಲಕ್ಕೆ ಎಲ್ಲಿ ಇಳಿಯಿತು ಎಂದು ಗುರುತು ಹಾಕಿ ನಟ್ಟನಡುವೆ ನಿಲ್ಲಿಸಿ, ಮೇಲೆ ಕೆಳಗೂ ಹಾಗೆಯೇ ಮಾಡಿ. 60 ಸೆಂಟಿಮೀಟರ್ ಡಿಶ್ ಒಂದೂವರೆ ಡಿಗ್ರಿ ಸರಿದರೆ ಅರ್ಧ ಸಿಗ್ನಲ್ ಹೋಯಿತು. ಬೋಲ್ಟ್ ಬಿಗಿಯುವಾಗ ಡಿಶ್ ಅಲುಗುವುದರಿಂದ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿದು ಮತ್ತೆ ನೋಡಿ.

ಕೆಟ್ಟಾಗ

ಡಿಶ್‌ನಲ್ಲಿ ಸುಮಾರು ಅರ್ಧ ಚಾನೆಲ್‌ಗಳು ಮಾತ್ರ ಹೋಗಿದ್ದರೆ ದಿಕ್ಕನ್ನು ಮುಟ್ಟಬೇಡಿ. 18 ವೋಲ್ಟ್ ತಲುಪುತ್ತಿಲ್ಲ, ಅಥವಾ 22 ಕಿಲೋಹರ್ಟ್ಸ್ ಸ್ವರ ಹೋಗುತ್ತಿಲ್ಲ. ಕನೆಕ್ಟರ್ ತುಕ್ಕು, ಎಲ್‌ಎನ್‌ಬಿ, ಬಾಕ್ಸ್ ಈ ಕ್ರಮದಲ್ಲಿ ಹುಡುಕಿ. ಎಲ್ಲ ಚಾನೆಲ್‌ಗಳೂ ಒಟ್ಟಿಗೆ ಹೋಗಿದ್ದು ಸ್ಟ್ರೆಂತ್ ಮಾತ್ರ ಇದ್ದರೆ ಡಿಶ್ ಸರಿದಿದೆ. ಸ್ಟ್ರೆಂತ್, ಕ್ವಾಲಿಟಿ ಎರಡೂ ಸೊನ್ನೆಯಾದರೆ ತಂತಿ ತುಂಡಾಗಿರಬೇಕು, ಇಲ್ಲವೇ ಎಲ್‌ಎನ್‌ಬಿ ಸತ್ತಿರಬೇಕು.

ಕೇಬಲ್‌ನಲ್ಲಿ ಚಾನೆಲ್‌ಗಳು ಗುಂಪಾಗಿ ಹೋಗುತ್ತವೆ, ಏಕೆಂದರೆ ಒಂದು ಆವರ್ತನದಲ್ಲಿ ಹಲವು ಚಾನೆಲ್‌ಗಳಿರುತ್ತವೆ. ಮೇಲಿನ ಆವರ್ತನದವು ಮೊದಲು ಹೋದರೆ ತಂತಿ ಉದ್ದವಾಯಿತು ಅಥವಾ ಹಳತಾಯಿತು. ಕೆಳಗಿನ ಆವರ್ತನದವು ಮೊದಲು ಹೋದರೆ ನಡುವಿನ ತಾಮ್ರದ ತಂತಿ ಎಲ್ಲೋ ಸರಿಯಾಗಿ ತಗುಲುತ್ತಿಲ್ಲ. ಆವರ್ತನ ಎಷ್ಟೆಂದು ಬಾಕ್ಸ್‌ನ ಸಿಗ್ನಲ್ ಪುಟದಲ್ಲೇ ಕಾಣುತ್ತದೆ. ಆಪರೇಟರ್‌ಗೆ "ಟಿವಿ ಬರ್ತಿಲ್ಲ" ಎನ್ನುವ ಬದಲು ಆ ಸಂಖ್ಯೆ ಹೇಳಿದರೆ ಆತ ಸರಿಯಾದ ಸಾಮಾನು ಹಿಡಿದೇ ಬರುತ್ತಾನೆ.

ಜೋಡಿಸಿದವರು ಹೊರಡುವ ಮುನ್ನ ಪ್ರತಿ ಟಿವಿಯಲ್ಲೂ ಒಂದು ಎಚ್‌ಡಿ ಚಾನೆಲ್ ಹಾಕಿಸಿ. ಡಿಶ್ ಆದರೆ ಎರಡು ಟಿವಿಗಳಲ್ಲಿ ಒಟ್ಟಿಗೆ ಬೇರೆ ಬೇರೆ ಧ್ರುವೀಕರಣದ ಚಾನೆಲ್ ಓಡಿಸಿ ನೋಡಿ. ಸಿಗ್ನಲ್ ಪುಟದ, ಡಿಶ್‌ನ ಕೋನದ ಗುರುತಿನ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಕ್ವಾಲಿಟಿ ಇಳಿದಾಗ ಎಷ್ಟು ಇಳಿದಿದೆ ಎಂದು ತಿಳಿಯಲು ಹೋಲಿಸುವುದಕ್ಕೆ ಇರುವುದು ಅದೊಂದೇ. ಹಳೆಯ ಸಂಪರ್ಕವಿದ್ದರೆ ಹೊಸದು ಒಂದೆರಡು ಜೋರು ಮಳೆ, ಒಂದು ದೀರ್ಘ ಕರೆಂಟ್ ಕಡಿತ ದಾಟುವವರೆಗೆ ಅದನ್ನು ತೆಗೆಸಬೇಡಿ.